ನೆರಳಿಗೆ ಬಂದ ಮೀನುಗಳು

ಸೇತುವೆಯ ಮೋಟುಗೋಡೆಯ ಮೇಲಿಂದ ನಾನು ಬಗ್ಗಿ ನೋಡಿದಾಗ ನನ್ನ ನೆರಳು ಹಳ್ಳದ ತಳದ ಉರುಟುಕಲ್ಲುಗಳ ಮೇಲೆ ಬಿತ್ತು. ಬಿದ್ದ ಕೂಡಲೇ ಮೀನುಗಳು ಅದರ ಕಡೆಗೆ ತಿರುಗಿದವು. ಎಂಟೋ ಹತ್ತೋ ಇದ್ದವು. ಹರಿವಿಗೆ ಎದುರಾಗಿ ನಿಂತಿದ್ದವೆಲ್ಲ ಒಟ್ಟಿಗೇ ನನ್ನ ತಲೆಯ ನೆರಳಿದ್ದಲ್ಲಿಗೆ ಬಂದು, ಬಾಯಿ ತೆರೆಯುತ್ತ ಮುಚ್ಚುತ್ತ, ಏನನ್ನೋ ಕಾಯುವಂತೆ ನಿಂತವು. ಕಂಕುಳಲ್ಲಿದ್ದ ಎರಡು ವರ್ಷದ ಮಗಳು ಕೈ ತಟ್ಟಿ ನಕ್ಕಳು. ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನಗೆ ಈಗಲೂ ಮೈ ಚಳಿಗಟ್ಟುತ್ತದೆ.

ಬಯಲುಸೀಮೆಯಲ್ಲಿ ಹುಟ್ಟಿದ ನಾನು ಆ ಊರಿಗೆ ಸೊಸೆಯಾಗಿ ಬಂದು ಆಗ ಮೂರು ವರ್ಷವಾಗಿತ್ತು. ಬೆಟ್ಟದ ನೆತ್ತಿಯ ಚಳಿಯ ಊರು ಅದು. ಮಧ್ಯಾಹ್ನದವರೆಗೂ ಮಂಜು ಬಿಡುತ್ತಿರಲಿಲ್ಲ. ಊರಿನ ನಡುವೆ ಹಳ್ಳ ಹರಿಯುತ್ತಿತ್ತು. ಸೇತುವೆಗಿಂತ ತುಸು ಮೇಲೆ ಒಂದು ಕಟ್ಟೆ. ಆ ಕಟ್ಟೆಯಿಂದಲೇ ಎಲ್ಲ ಬೀದಿಗಳ ನಲ್ಲಿಗೂ ನೀರು. ಹಳ್ಳದಲ್ಲಿ ಮೈತುಂಬ ಕಪ್ಪು ಕೆಂಪು ಚುಕ್ಕಿಗಳಿದ್ದ ಮೀನು ಇರುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಟ್ರೌಟ್ ಎಂದು ಹೆಸರು, ಊರಿನವರ ಬಾಯಲ್ಲಿ ಚುಕ್ಕಿಮೀನು. ಬಹಳ ಹಿಂದೆ ಯಾರೋ ದೊರೆ ಅದರ ಮೊಟ್ಟೆಗಳನ್ನು ಮಂಜುಗಡ್ಡೆಯಲ್ಲಿಟ್ಟು ಹಡಗಿನಲ್ಲಿ ತರಿಸಿ ಹಳ್ಳಕ್ಕೆ ಬಿಡಿಸಿದ್ದನಂತೆ. ಆಮೇಲಿನ ಎಷ್ಟೋ ತಲೆಮಾರು ಇಲ್ಲೇ ಹುಟ್ಟಿ, ಇಲ್ಲೇ ಮರಿ ಮಾಡಿ, ಆ ಹಳ್ಳದವೇ ಆಗಿಹೋಗಿದ್ದವು.

ಇದನ್ನೆಲ್ಲ ನನಗೆ ಹೇಳಿದವರು ನನ್ನ ಮಾವ ಬೆಳ್ಳಯ್ಯನವರು. ಮೂವತ್ತೊಂದು ವರ್ಷ ಅವರು ಆ ಹಳ್ಳದ ಕಾವಲುಗಾರರಾಗಿದ್ದರು. ಕದ್ದು ಬಲೆ ಹಾಕುವವರನ್ನು ಹಿಡಿಯುವುದು, ಮೀನು ಮೊಟ್ಟೆಯಿಡುವ ಕಾಲದಲ್ಲಿ ದನಗಳನ್ನು ನೀರಿಗಿಳಿಸದಂತೆ ನೋಡಿಕೊಳ್ಳುವುದು ಅವರ ಕೆಲಸ. ಕೆಲಸ ಬಿಟ್ಟ ಮೇಲೆ ಎರಡೂ ಕಣ್ಣಿಗೆ ಪೊರೆ ಬಂದು, ನಾನು ಹೇಳುತ್ತಿರುವ ಹೊತ್ತಿಗೆ ಅವರಿಗೆ ಬೆಳಕು ಯಾವುದು ಕತ್ತಲೆ ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಒಂದು ವರ್ಷದಿಂದ ಹಳ್ಳದ ಕಡೆಗೆ ಹೋಗಿರಲಿಲ್ಲ. ಜಗುಲಿಯ ಬಿಸಿಲಲ್ಲಿ ಕುಳಿತು, ನಾನು ಹೊರಗಿನಿಂದ ಬಂದಾಗಲೆಲ್ಲ "ಹಳ್ಳದಲ್ಲಿ ನೀರೆಷ್ಟದೆ ಕಣವ್ವ?" ಎಂದು ಕೇಳುತ್ತಿದ್ದರು.

ನನ್ನ ಗಂಡ ಗುರುಮಲ್ಲ ಮೀನುಮನೆಯ ಮೇಲ್ವಿಚಾರಕರು. ಊರಿಗೆ ಎರಡು ಮೈಲಿ ದೂರದಲ್ಲಿ, ಬೇರೊಂದು ಗುಡ್ಡದ ಬುಡದಲ್ಲಿ, ನೆಲದಿಂದ ಉಕ್ಕುವ ಬೇರೊಂದು ಊಟೆಯ ನೀರಿನಲ್ಲಿ ಸಿಮೆಂಟಿನ ತೊಟ್ಟಿಗಳನ್ನು ಕಟ್ಟಿ ಇದೇ ಚುಕ್ಕಿಮೀನಿನ ಮರಿಗಳನ್ನು ಸಾಕುತ್ತಿದ್ದರು. ಬೆಳೆದ ಮೀನು ಬೆಟ್ಟದಾಚೆಯ ದೊಡ್ಡ ಜಲಾಶಯಕ್ಕೆ ಹೋಗುತ್ತಿತ್ತು. ನಮ್ಮ ಹಳ್ಳಕ್ಕೆ ಮಾತ್ರ ತೊಟ್ಟಿಯ ಮೀನನ್ನು ಬಿಡಬಾರದು ಎಂಬುದು ಮಾವನ ಕಾಲದಿಂದ ನಡೆದುಬಂದ ಕಟ್ಟುಪಾಡು. ಅದನ್ನು ಮಾಡಿಸಿದವರೇ ಅವರು. ಎಷ್ಟೋ ಮೇಲಧಿಕಾರಿಗಳ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತು ವಾದಿಸಿ ಮಾಡಿಸಿದ್ದರಂತೆ.

ನಾನು ಆ ಊರಿಗೆ ಬರುವುದಕ್ಕೆ ಒಂದು ವರ್ಷ ಮೊದಲು ಹಳ್ಳದ ತಲೆಯಲ್ಲಿ ಚರ್ಮ ಹದಮಾಡುವ ಕಾರ್ಖಾನೆ ಬಂದಿತ್ತು. ಇನ್ನೂರು ಮನೆಗಳಿಗೆ ಅದರಿಂದಲೇ ಊಟ. ಕಾರ್ಖಾನೆಯ ಕೊಳೆನೀರು ದೊಡ್ಡ ಗುಂಡಿಗಳಲ್ಲಿ ನಿಲ್ಲುತ್ತದೆ, ಹಳ್ಳಕ್ಕೆ ಒಂದು ತೊಟ್ಟೂ ಇಳಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಬಂದ ಮೂರನೆಯ ವರ್ಷ ಮಳೆ ಮುಗಿದ ಮೇಲೆ ನಲ್ಲಿಯ ನೀರಿಗೆ ಒಂದು ಒಗರು ಬಂತು. ನಾಲಿಗೆಯ ಮೇಲೆ ಹಳೆಯ ಬೀಗದ ಕೈ ಇಟ್ಟುಕೊಂಡಂಥ ರುಚಿ. ಎರಡು ತಿಂಗಳಲ್ಲಿ ನಮ್ಮ ಬೀದಿಯ ಮಕ್ಕಳಿಗೆ ಬಾಯಿಹುಣ್ಣು ಶುರುವಾಯಿತು. ಎರಡು ಗಬ್ಬದ ಹಸುಗಳು ತಿಂಗಳು ತುಂಬುವ ಮೊದಲೇ ಕಂದು ಹಾಕಿದವು.

ಹೆಂಗಸರು ಕೊಡ ಹಿಡಿದು ಪುರಸಭೆಯ ಮುಂದೆ ಕುಳಿತ ದಿನ ಅಧ್ಯಕ್ಷರಾದ ತಮ್ಮಣ್ಣಪ್ಪನವರು ಸಿಟ್ಟಾಗಲಿಲ್ಲ. ಎಲ್ಲರನ್ನೂ ಸೇತುವೆಗೆ ಕರೆದುಕೊಂಡು ಹೋದರು.

"ನೋಡ್ರವ್ವ ಕಣ್ಣಾರೆ. ಚುಕ್ಕಿಮೀನು ಅಂದ್ರೆ ಎಂಥ ಸೂಕ್ಷ್ಮದ ಜೀವ ಅಂತ ನಿಮಗೇ ಗೊತ್ತು. ನೀರು ಒಂಚೂರು ಕೆಟ್ಟರೂ ಹೊಟ್ಟೆ ಮೇಲೆ ಮಾಡ್ತದೆ. ಅದೇ ಆಡ್ಕೊಂಡಿರೋವಾಗ ನಿಮಗೆಂಥದ್ರವ್ವ ಭಯ?"

ಮೀನುಗಳು ನಿಜವಾಗಿಯೂ ಆಡುತ್ತಿದ್ದವು. ಹೆಂಗಸರು ನೋಡಿದರು, ಸಮಾಧಾನಪಟ್ಟರು, ಕೊಡ ಎತ್ತಿಕೊಂಡು ಮನೆಗೆ ಹೋದರು. ಅಂದಿನಿಂದ ಸೇತುವೆಯ ಮೇಲೆ ನಿಂತು ಮೀನು ನೋಡಿ ಬರುವುದು ಊರಿಗೊಂದು ಅಭ್ಯಾಸವಾಯಿತು. ನಾನು ಮಗಳನ್ನು ಎತ್ತಿಕೊಂಡು ಹೋದದ್ದೂ ಹಾಗೆಯೇ.

ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ನನ್ನ ಗಂಡ ಪ್ರತಿದಿನ ಮೀನುಮನೆಯಿಂದ ಬರುವಾಗ ಸೈಕಲ್ಲಿನ ಹಿಂದೆ ಎರಡು ಕ್ಯಾನು ಊಟೆಯ ನೀರು ಕಟ್ಟಿಕೊಂಡು ಬರುತ್ತಿದ್ದರು. "ಅಪ್ಪನ ಹೊಟ್ಟೆಗೆ ಈ ನೀರು ಒಗ್ಗುತ್ತೆ" ಎಂದಿದ್ದರು. ಕುಡಿಯುವುದಕ್ಕೂ ಅಡುಗೆಗೂ ಅದೇ ನೀರು. ಇಷ್ಟು ಅಕ್ಕರೆಯ ಗಂಡ ಸಿಕ್ಕನಲ್ಲ ಎಂದು ನಾನು ಹಿಗ್ಗುತ್ತಿದ್ದೆ. ಪಕ್ಕದ ಮನೆಯ ಕೆಂಪಾಜಮ್ಮ ಒಮ್ಮೆ ಗೋಡೆಯಾಚೆಯಿಂದ ಚೆಂಬು ಚಾಚಿದ್ದಳು. ಅವಳ ಗಂಡ ಕಾರ್ಖಾನೆಯ ಕೂಲಿ. ಐದು ವರ್ಷದ ರತ್ನಿ ಒಬ್ಬಳೇ ಮಗಳು.

"ರತ್ನಿ ಬಾಯೆಲ್ಲ ಹುಣ್ಣು ಕಣಕ್ಕ, ನಲ್ಲಿ ನೀರು ಕುಡಿದ್ರೆ ಉರಿ ಅಂತಾಳೆ. ನಿಮ್ಮನೆಯೋರು ತರೋ ನೀರು ಒಂದು ಚೆಂಬು ಕೊಡ್ತೀಯಾ?"

ಕೊಟ್ಟೆ. ಸಂಜೆ ಗಂಡನಿಗೆ ಹೇಳಿದಾಗ ಅವರ ಮುಖ ಸಪ್ಪಗಾಯಿತು. "ಇನ್ನು ಕೊಡಬೇಡ. ಒಬ್ಬರಿಗೆ ಕೊಟ್ರೆ ನಾಳೆ ಬೀದಿಯೆಲ್ಲ ಬಂದು ನಿಲ್ತದೆ. ಯಾಕೆ ತರ್ತಾನೆ ಅಂತ ಕೇಳ್ತಾರೆ." ಮಾರನೆಯ ದಿನ ಕೆಂಪಾಜಮ್ಮ ಚೆಂಬು ಚಾಚಿದಾಗ ಕ್ಯಾನು ಖಾಲಿ ಎಂದೆ. ಕ್ಯಾನು ಅವಳ ಕಣ್ಣೆದುರಿಗೇ, ಅಡುಗೆಮನೆಯ ಬಾಗಿಲಲ್ಲಿ ತುಂಬಿ ನಿಂತಿತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಚೆಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.

ಸೇತುವೆಯಿಂದ ಬಂದ ದಿನ ನಾನು ಜಗುಲಿಯಲ್ಲಿ ಮಾವನ ಪಕ್ಕ ಕುಳಿತು, ಅವರಿಗೆ ಸಂತೋಷವಾಗಲಿ ಎಂದೇ ಹೇಳಿದೆ: "ಮಾವ, ನಿಮ್ಮ ಮೀನುಗಳು ಎಷ್ಟು ಸಾಧುವಾಗಿವೆ ಗೊತ್ತಾ? ನನ್ನ ನೆರಳು ಬಿದ್ದ ತಕ್ಷಣ ಹತ್ತಿರ ಬಂದುಬಿಟ್ಟವು."

ಮಾವ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆರಳು ಅಲ್ಲೇ ನಿಂತಿತು.

"ನೆರಳಿಗೆ ಬಂದ್ವಾ?"

"ಹೂಂ."

"ಓಡ್ಲಿಲ್ವಾ? ಕಲ್ಲಿನ ಸಂದಿಗೆ ನುಗ್ಗಲಿಲ್ವಾ?"

"ಇಲ್ಲ ಮಾವ. ಬಾಯಿ ಬಿಟ್ಟುಕೊಂಡು ನಿಂತವು. ತಿಂಡಿ ಕೇಳೋ ಹಾಗೆ."

ಅವರು ಎಲೆಯನ್ನು ಮಡಿಸಲೇ ಇಲ್ಲ. ಅದನ್ನು ಪಕ್ಕಕ್ಕಿಟ್ಟು ಹೇಳಿದರು: "ಹಳ್ಳದಲ್ಲಿ ಹುಟ್ಟಿದ ಮೀನಿಗೆ ನೆರಳು ಅಂದ್ರೆ ಹದ್ದು ಕಣವ್ವ. ನೆರಳು ಅಂದ್ರೆ ಕೂಳು ಅಂತ ತಿಳಿಯೋ ಮೀನು ಬೇರೆ. ನಾಳೆ ನನ್ನ ಕರ್ಕೊಂಡು ಹೋಗು. ಗುರುಮಲ್ಲನಿಗೆ ಹೇಳಬೇಡ."

ಮಾರನೆಯ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಮಗಳನ್ನು ಊರಲ್ಲೇ ಇದ್ದ ಅವರ ಸೋದರತ್ತೆಯ ಮನೆಯಲ್ಲಿ ಬಿಟ್ಟು, ಮಾವನ ಕೈ ಹಿಡಿದು ಹಳ್ಳಕ್ಕೆ ಇಳಿದೆ. ಸೇತುವೆಯಿಂದ ತುಸು ಕೆಳಗೆ, ಯಾರಿಗೂ ಕಾಣದ ತಿರುವಿನಲ್ಲಿ ಒಂದು ಮಡು ಇತ್ತು. ಮಾವ ನೀರಿನ ಅಂಚಿನಲ್ಲಿ ಕುಳಿತು ಮೊದಲು ಮೂಸಿದರು. ಆಮೇಲೆ ಕಿವಿಗೊಟ್ಟರು.

"ಕಪ್ಪೆ ಇಲ್ಲ. ಒಂದು ಕಲ್ಲು ಎತ್ತಿ ಅಡಿಗೆ ನೋಡು. ಏನು ಅಂಟಿಕೊಂಡದೆ?"

ಎತ್ತಿದೆ. ಏನೂ ಇರಲಿಲ್ಲ.

"ಇನ್ನೊಂದು."

ಅದರಲ್ಲೂ ಇಲ್ಲ. ಏಳು ಕಲ್ಲು ಎತ್ತಿಸಿದರು. ಹುಳು ಹುಪ್ಪಟೆ, ಮರಳಿನ ಗೂಡು ಕಟ್ಟಿಕೊಂಡ ಮರಿಹುಳು, ಬಸವನಹುಳು, ಏನಾದರೂ ಇರಲೇಬೇಕು ಎನ್ನುತ್ತಿದ್ದರು. ಕಲ್ಲುಗಳ ಅಡಿಭಾಗ ತಿಕ್ಕಿ ತೊಳೆದ ಪಾತ್ರೆಯಂತೆ ನುಣ್ಣಗಿತ್ತು.

"ಹಂಗಾದ್ರೆ ಈ ಮೀನು ತಿಂತಿರೋದು ಏನು?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

ಮನೆಯಿಂದ ತಂದಿದ್ದ ಕೊಕ್ಕೆಗೆ ಅನ್ನದ ಅಗುಳು ಸಿಕ್ಕಿಸಿ ಎಸೆಯಲು ಹೇಳಿದರು. ಅದಕ್ಕೆ ಹಳ್ಳದ ಮೀನು ಯಾವತ್ತೂ ಬಾಯಿ ಹಾಕುವುದಿಲ್ಲವಂತೆ. ದಾರ ನೀರು ಮುಟ್ಟುವ ಮೊದಲೇ ಒಂದು ಮೀನು ನುಂಗಿತು. ಮೊಳದುದ್ದದ ಮೀನು. ಮಾವ ಅದನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳನ್ನು ಅದರ ಮೈಮೇಲೆ ನಿಧಾನವಾಗಿ ಆಡಿಸಿದರು. ಹುಟ್ಟಿದ ಕೂಸಿನ ಮೈ ಸವರಿ ನೋಡುವ ಸೂಲಗಿತ್ತಿಯಂತೆ ಕಂಡರು.

"ಕೈ ಕೊಡು ಇಲ್ಲಿ. ಬೆನ್ನಿನ ರೆಕ್ಕೆ ಮುಟ್ಟು. ಹಳೇ ಪೊರಕೆ ಥರ ಸವೆದಿಲ್ವಾ? ಹಳ್ಳದ್ದಾದ್ರೆ ಬೀಸಣಿಗೆ ಬಿಚ್ಚಿದಂಗೆ ಬಿಚ್ಚಬೇಕು, ತುದಿ ಚುಚ್ಚಬೇಕು. ಬಾಲದ ಮೂಲೆ ನೋಡು, ದುಂಡಗೆ ಆಗ್ಬಿಟ್ಟದೆ. ಮೂತಿ ಕೆರೆದದೆ. ಇದೆಲ್ಲ ಸಿಮೆಂಟಿಗೆ ಉಜ್ಜಿ ಉಜ್ಜಿ ಆಗೋದು."

ಮತ್ತೆ ಅವರ ಹೆಬ್ಬೆರಳು ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವಿನ ಜಾಗದಲ್ಲಿ ಬಂದು ನಿಂತಿತು. ಅಲ್ಲಿ ಅವರೆಕಾಳಿನಷ್ಟು ಸಣ್ಣ ಮಾಂಸದ ರೆಕ್ಕೆಯೊಂದು ಇರಬೇಕು. ಇರಲಿಲ್ಲ. ಮಾದುಹೋದ ಗಾಯದ ಗುರುತು ಮಾತ್ರ ಇತ್ತು, ಹಿಂದಕ್ಕೆ ಓರೆಯಾಗಿ. ಮಾವ ಅದೇ ಜಾಗವನ್ನು ಮೂರು ನಾಲ್ಕು ಸಲ ಸವರಿದರು.

"ತೊಟ್ಟಿ ಮೀನಿಗೆ ಮರಿ ಇದ್ದಾಗಲೇ ಗುರುತಿಗೆ ಅಂತ ಇದನ್ನ ಕತ್ತರಿಸ್ತಾರೆ. ಎಲ್ಲರೂ ನೇರ ಕತ್ತರಿಸ್ತಾರೆ. ಓರೆ ಮಾಡಿ ಕತ್ತರಿಸಿದ್ರೆ ಗಾಯ ಬೇಗ ಒಣಗ್ತದೆ ಅಂತ ನಾನು ಒಬ್ಬನಿಗೇ ಹೇಳಿಕೊಟ್ಟಿದ್ದೆ."

ಆ ಒಬ್ಬ ಯಾರೆಂದು ನಾನು ಕೇಳಲಿಲ್ಲ.

ಮಡುವಿನಿಂದ ಮೇಲಕ್ಕೆ, ಕಟ್ಟೆಯನ್ನೂ ದಾಟಿ ನಡೆದೆವು. ಬೇರುಗಳು ನೀರಿಗಿಳಿದಿದ್ದ ಕಡೆ ಏನೋ ಬೆಳ್ಳಗೆ ಕಂಡಿತು. ಕೋಲಿನಿಂದ ಎಳೆದೆ. ಸತ್ತ ಮೀನುಗಳು. ಕೆಲವು ಕೊಳೆತಿದ್ದವು, ಕೆಲವು ನಿನ್ನೆ ಸತ್ತಂತೆ ಹೊಳೆಯುತ್ತಿದ್ದವು. ಕಿವಿರು ಕೆಂಪಗಿರುವ ಬದಲು ಬೂದಿಬಣ್ಣಕ್ಕಿತ್ತು. ಎಣಿಸುತ್ತ ಹೋಗಿ ನಲವತ್ತಕ್ಕೆ ಬಿಟ್ಟೆ. ಮಾವ ಪ್ರತಿಯೊಂದರ ಬೆನ್ನನ್ನೂ ಮುಟ್ಟಿ ನೋಡಿದರು. ಎಲ್ಲವಕ್ಕೂ ಅದೇ ಓರೆ ಗುರುತು.

"ಬಿಟ್ಟ ಮೀನು ನಾಲ್ಕು ದಿನ ಬದುಕ್ತಿರಬೇಕು. ಸತ್ತ ಹಂಗೆ ಹೊಸದು ತಂದು ಬಿಡ್ತಿದ್ದಾನೆ" ಎಂದರು.

ನನಗೆ ಆಗ ಅವರ ಮಾತಿನ ಮೇಲೆ ಗಮನವಿರಲಿಲ್ಲ. ಕಟ್ಟೆಯ ಕೊಳವೆಯ ಬಾಯಿಗೆ ನೀರು ನುಗ್ಗುವ ಸದ್ದನ್ನೇ ಕೇಳುತ್ತ ನಿಂತಿದ್ದೆ. ಆ ಕೊಳವೆಯ ಇನ್ನೊಂದು ತುದಿಯಲ್ಲಿ ಕೆಂಪಾಜಮ್ಮನ ನಲ್ಲಿ ಇತ್ತು. ಅಷ್ಟು ಹೊತ್ತಿಗೆ ಕ್ಯಾನುಗಳ ಅರ್ಥ ನನಗೆ ಹೊಳೆದಿತ್ತು. ಮೊದಲು ಹಿಡಿದ ಮೀನನ್ನು ಎಲೆಯಲ್ಲಿ ಸುತ್ತಿಕೊಂಡು, ಮಾವನ ಕೈ ಹಿಡಿದು ಮನೆಗೆ ತಿರುಗಿದೆ.

ಸಂಜೆ ಗಂಡ ಊಟಕ್ಕೆ ಕುಳಿತಾಗ ಮಾವ ಹಿಂದಿನಿಂದ ಗೋಡೆ ತಡವುತ್ತ ಬಂದು, ಬೆಳಿಗ್ಗೆ ಹಿಡಿದ ಮೀನನ್ನು ಅವರ ತಟ್ಟೆಯ ಪಕ್ಕದಲ್ಲಿ ಇಟ್ಟರು.

"ಸೊಸೆಗೆ ಹುರಿಯೋಕೆ ಹೇಳ್ತೀನಿ. ತಿಂತೀಯಾ ಮಗ?"

ಗುರುಮಲ್ಲ ಮೀನನ್ನು ನೋಡಿದರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು.

"ಹಳ್ಳದ್ದೇ ಕಣೋ. ಒಳ್ಳೇ ನೀರಲ್ಲಿ ಆಡ್ಕೊಂಡಿತ್ತು. ಊರೆಲ್ಲ ನೋಡಿ ಖುಷಿ ಪಡ್ತಿರೋ ಮೀನು. ತಿನ್ನು."

"ಅಪ್ಪಾ..."

"ಎಷ್ಟು ದಿನದಿಂದ?"

ಗುರುಮಲ್ಲ ತಟ್ಟೆಯನ್ನು ದೂರ ಸರಿಸಿದರು. ಆಮೇಲೆ ಒಂದೇ ಉಸಿರಿಗೆ ಹೇಳಿದರು. ಮಳೆ ಮುಗಿದಾಗ ಒಂದು ಬೆಳಿಗ್ಗೆ ಹಳ್ಳದ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವಂತೆ. ಮೊದಲು ಕಂಡವರು ಇವರೇ. ಓಡಿಹೋಗಿ ಅಧ್ಯಕ್ಷರಿಗೆ ತಿಳಿಸಿದರಂತೆ. ಕಾರ್ಖಾನೆಯ ಗುಂಡಿಯ ಏರಿಯೊಂದು ತಳದಲ್ಲಿ ಬಿರುಕು ಬಿಟ್ಟಿತ್ತು.

"ಒಂದು ತಿಂಗಳಲ್ಲಿ ಏರಿ ಸರಿ ಮಾಡಿಸ್ತೀವಿ, ಅಲ್ಲೀತಂಕ ಊರಿಗೆ ಗಾಬರಿ ಬೇಡ, ಒಂದಿಷ್ಟು ಮೀನು ಬಿಡು ಅಂದ್ರು. ಸುದ್ದಿ ಹೊರಗೆ ಹೋದ್ರೆ ಕಾರ್ಖಾನೆ ಮುಚ್ಚಿಸ್ತಾರೆ, ಇನ್ನೂರು ಒಲೆ ಆರ್ತದೆ ಅಂದ್ರು. ನಾನೂ ಒಂದು ತಿಂಗಳು ಅಂತಲೇ ಒಪ್ಕೊಂಡೆ ಅಪ್ಪ. ಆಮೇಲೆ ಇನ್ನೊಂದು ತಿಂಗಳು ಅಂದ್ರು. ಅಷ್ಟು ಹೊತ್ತಿಗೆ ನಾನು ಬಾಯಿ ಬಿಡೋ ಹಂಗೇ ಇರ್ಲಿಲ್ಲ."

"ಎಷ್ಟು ತಿಂಗಳು?"

"ಏಳು."

"ನಿನ್ನ ಮಗಳಿಗೆ ಮಾತ್ರ ಊಟೆ ನೀರು" ಎಂದರು ಮಾವ. ಅವರ ದನಿ ಏರಲಿಲ್ಲ. ಗಂಡ ನನ್ನ ಕಡೆ ತಿರುಗಿ ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಕಾದರೇನೋ. ಒಳಗಿನ ಕೋಣೆಯಲ್ಲಿ ನಮ್ಮ ಮಗಳು ಗೊಂಬೆಗೆ ಏನೋ ಹೇಳಿಕೊಡುತ್ತಿದ್ದಳು. ಬೀದಿಯಲ್ಲಿ ಬಾಯಿಹುಣ್ಣಿಲ್ಲದ ಮಗು ಅವಳೊಬ್ಬಳೇ. "ದೃಷ್ಟಿ ತಾಕೀತು ಕಣಕ್ಕ" ಎಂದು ಹೆಂಗಸರು ಅವಳ ಕೆನ್ನೆಗೆ ಕಪ್ಪಿಡಲು ಹೇಳುತ್ತಿದ್ದರು.

ಮೂರು ದಿನ ಕಳೆದು ಜಿಲ್ಲೆಯಿಂದ ಆರೋಗ್ಯಾಧಿಕಾರಿ ಬರುತ್ತಾರೆಂದು ಸುದ್ದಿಯಾಯಿತು. ಯಾರೋ ಕಾಗದ ಬರೆದಿದ್ದರು. ನೀರನ್ನು ಸೀಸೆಗಳಲ್ಲಿ ತುಂಬಿ ಪಟ್ಟಣಕ್ಕೆ ಕಳಿಸಿದರೆ ಫಲಿತಾಂಶ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಲ್ಲಿಯವರೆಗೆ ನಲ್ಲಿ ನಿಲ್ಲಿಸಬೇಕೋ ಬೇಡವೋ ಎಂಬುದು ಅಧಿಕಾರಿ ಸ್ಥಳದಲ್ಲೇ ತೀರ್ಮಾನಿಸುವ ಮಾತು. ತಮ್ಮಣ್ಣಪ್ಪನವರು ಸೇತುವೆಯ ಮೇಲೆ ಕುರ್ಚಿ ಹಾಕಿಸಿ, ಊರನ್ನೆಲ್ಲ ಸೇರಿಸಿ, ನಮ್ಮ ಮಾವನಿಗೆ ಹೇಳಿಕಳಿಸಿದರು. ಹಳ್ಳದಲ್ಲೇ ಹುಟ್ಟಿದ ಮೀನು ಬದುಕಿದೆಯೆಂದರೆ ನೀರು ಕೆಟ್ಟಿಲ್ಲವೆಂದು ತೋರಿಸುವುದು ಅವರ ಲೆಕ್ಕ. ಹಳ್ಳದ ಮೀನಿನ ವಿಷಯದಲ್ಲಿ ಬೆಳ್ಳಯ್ಯನ ಮಾತಿಗೆ ಎದುರುಮಾತು ಆ ಊರಿನಲ್ಲಿ ಇರಲಿಲ್ಲ.

ಹೊರಡುವ ಮುಂಚೆ ಗಂಡ ಮಾವನ ಕಾಲ ಬಳಿ ಕುಳಿತರು. "ನೀನು ನಿಜ ಹೇಳಿದ್ರೆ ನಾನು ಜೈಲಿಗೆ ಹೋಗ್ತೀನಿ ಅಪ್ಪ. ಈ ಮಗು, ಇವಳು..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಮಾವ ಪೇಟ ಸುತ್ತಿಕೊಳ್ಳುತ್ತಲೇ ಇದ್ದರು. ಅವರು ನಿಜ ಹೇಳುತ್ತಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೇಳಲಿ ಎಂದು ಬೇಡಿಕೊಂಡೆ. ಹೇಳದಿರಲಿ ಎಂದೂ ಬೇಡಿಕೊಂಡೆ.

ಸೇತುವೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೋಟುಗೋಡೆಯ ಉದ್ದಕ್ಕೂ ಜನ ಬಗ್ಗಿ ನಿಂತಿದ್ದರು. ಅಷ್ಟೂ ಜನರ ನೆರಳು ನೀರಿಗೆ ಬಿದ್ದು, ಒಂದೊಂದು ನೆರಳಿನ ಕೆಳಗೂ ಮೀನುಗಳು ಬಾಯಿ ತೆರೆದು ನಿಂತಿದ್ದವು. ಆ ನೋಟ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದನ್ನು ಓದಬಲ್ಲವರು ಮಾತ್ರ ನಾವು ಮೂವರೇ.

ಯಾರೋ ಬಲೆ ಹಾಕಿ ಒಂದು ಮೀನು ತಂದು ಮಾವನ ಕೈಗೆ ಕೊಟ್ಟರು. ಅಧಿಕಾರಿ ಎದ್ದು ಹತ್ತಿರ ಬಂದರು. ಚಿಕ್ಕ ವಯಸ್ಸಿನವರು, ಕನ್ನಡಕದ ಮೇಲೆ ದಾರಿಯ ಮಂಜಿನ ಹನಿ ಇನ್ನೂ ಕೂತಿತ್ತು.

"ಹೇಳಿ ಅಜ್ಜ. ಇದು ಹಳ್ಳದಲ್ಲೇ ಹುಟ್ಟಿ ಬೆಳೆದಿದ್ದಾ?"

ಮಾವನ ಹೆಬ್ಬೆರಳು ರೆಕ್ಕೆಯಿಂದ ಬಾಲಕ್ಕೆ, ಬಾಲದಿಂದ ಬೆನ್ನಿಗೆ ಹೋಯಿತು. ಓರೆ ಗುರುತಿನ ಮೇಲೆ ಬಂದು ಅಲ್ಲೇ ನಿಂತಿತು. ಆ ಗುರುತು ಅಧಿಕಾರಿಯ ಕಣ್ಣಿಗೆ ಕಾಣದಂತೆ ಅವರು ಅದನ್ನು ಮುಚ್ಚಿ ಹಿಡಿದಿದ್ದಾರೆ ಎಂಬುದು ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು.

"ಹಳ್ಳದ ಮೀನು ಸ್ವಾಮಿ. ಇಲ್ಲೇ ಹುಟ್ಟಿದ್ದು."

ನಲ್ಲಿ ನಿಲ್ಲಿಸುವುದು ಬೇಡ ಎಂದು ಅಧಿಕಾರಿ ಬರೆದುಕೊಂಡರು. ಕೆಂಪಾಜಮ್ಮ ರತ್ನಿಯನ್ನು ಎತ್ತಿಕೊಂಡು ಮುಂದೆಯೇ ನಿಂತಿದ್ದಳು. ಮಗಳ ಬಾಯನ್ನು ಸೆರಗಿನಿಂದ ಒರೆಸುತ್ತ, "ಬೆಳ್ಳಜ್ಜ ಹೇಳಿದ ಮೇಲೆ ಆಯ್ತು ಬುಡು" ಎಂದು ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು. ನಾನು ಬಾಯಿ ತೆರೆಯಬಹುದಿತ್ತು. ನನ್ನ ಕೈಗೂ ಆ ರೆಕ್ಕೆ ಪರಿಚಯವಾಗಿತ್ತು. ನಾನು ಮಾವನ ತೋಳು ಹಿಡಿದು ಮನೆಗೆ ಕರೆದುಕೊಂಡು ಬಂದೆ.

ಮನೆಗೆ ಬಂದು ಕುಳಿತ ಮೇಲೆ ಮಾವ ನೀರು ಕೇಳಿದರು. ಕ್ಯಾನಿಗೆ ಕೈ ಹಾಕಿದೆ. ಸದ್ದು ಕೇಳಿ ತಡೆದರು.

"ಅದು ಬೇಡ. ನಲ್ಲಿದು ಹಿಡ್ಕೊಂಡು ಬಾ."

"ಮಾವ, ಬೇಡಿ ಮಾವ."

"ಊರೆಲ್ಲ ನನ್ನ ಮಾತು ನಂಬಿ ಅದನ್ನೇ ಕುಡೀತದೆ. ನಾನು ಬೇರೆ ಕುಡಿಯೋದಕ್ಕೆ ಯಾವ ಮುಖ ಅದೆ? ತಂದುಕೊಡವ್ವ. ನೀನು ತರದಿದ್ರೆ ನಾನೇ ತಡವಿಕೊಂಡು ಹೋಗ್ತೀನಿ."

ತಂದುಕೊಟ್ಟೆ. ಅಂದಿನಿಂದ ಹತ್ತೊಂಬತ್ತು ದಿನ ನಾನೇ ತಂದುಕೊಟ್ಟೆ. ಬೆಳಿಗ್ಗೆ ಮಗ ಕೆಲಸಕ್ಕೆ ಹೊರಡುವ ಮುಂಚೆ ಒಂದು ಚೆಂಬು, ಸಂಜೆ ಮಗ ಬಂದ ಮೇಲೆ ಒಂದು ಚೆಂಬು, ಮಗನ ಕಣ್ಣೆದುರಿಗೇ ಮಾವ ಜಗುಲಿಯ ಮೇಲೆ ಕುಳಿತು ನಿಧಾನವಾಗಿ ಕುಡಿಯುತ್ತಿದ್ದರು. ಒಂದು ಬೈಗುಳವಿಲ್ಲ, ಒಂದು ಬುದ್ಧಿಮಾತಿಲ್ಲ. ಗಂಡ ಮೊದಲು ಬೇಡಿಕೊಂಡರು, ಆಮೇಲೆ ಒಂದು ದಿನ ಚೆಂಬು ಕಿತ್ತುಕೊಂಡು ಅಂಗಳಕ್ಕೆ ಎಸೆದರು. ಮಾವ ನನ್ನ ಕಡೆ ಕೈ ಚಾಚಿ, "ಇನ್ನೊಂದು ತಾರವ್ವ" ಎಂದರು.

ನನ್ನಿಂದ ಆದದ್ದು ಒಂದೇ. ಕ್ಯಾನಿನ ಅರ್ಧ ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಗೋಡೆಯ ಮೇಲಿಂದ ಕೆಂಪಾಜಮ್ಮನಿಗೆ ಕೊಡತೊಡಗಿದೆ. ಅವಳು ಏನೂ ಕೇಳದೆ ತೆಗೆದುಕೊಂಡಳು. ಆದರೆ ತಡವಾಗಿತ್ತು. ಹತ್ತನೆಯ ದಿನ ರತ್ನಿ ಎದ್ದು ನಿಲ್ಲಲಾರದೆ ಬಿದ್ದಳು. ಅವಳನ್ನು ಕಂಬಳಿಯಲ್ಲಿ ಸುತ್ತಿ, ತಂದೆ ಬಸ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದನು. ಬಸ್ಸು ಹತ್ತಿಸುವಾಗ ಅವಳ ತಲೆಯಿಂದ ಕೂದಲು ಹಿಡಿಹಿಡಿಯಾಗಿ ಕಂಬಳಿಗೆ ಅಂಟಿಕೊಂಡು ಬಂದಿತ್ತು. ಆ ವಾರದಲ್ಲಿ ಇನ್ನೂ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋದರು. ಸೇತುವೆಯ ಕೆಳಗೆ ಮೀನುಗಳು ಮಾತ್ರ ಎಂದಿನಂತೆ ದುಂಡಗೆ, ಹೊಳೆಯುತ್ತ ಆಡಿಕೊಂಡಿದ್ದವು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮಾವ ಚೆಂಬು ಹಿಡಿಯಲು ಹೋಗಿ ಕೈ ತಪ್ಪಿ ಬಿಟ್ಟರು. ಮತ್ತೆ ತುಂಬಿ ಕೊಟ್ಟೆ. ಮತ್ತೆ ಬಿತ್ತು. ಅವರು ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡರು.

"ತುದಿ ಎಲ್ಲ ಜೋಮು ಹಿಡಿದದೆ ಕಣವ್ವ. ಚೆಂಬು ಅದೆಯೋ ಇಲ್ವೋ ಗೊತ್ತಾಗ್ತಿಲ್ಲ" ಎಂದರು. ಅವರ ಮುಖದಲ್ಲಿ ನಾನು ಭಯ ಕಂಡದ್ದು ಅದೊಂದೇ ಸಲ. ಕಣ್ಣು ಹೋದ ಮೇಲೆ ಆ ಬೆರಳುಗಳೇ ಅವರಿಗೆ ಕಣ್ಣಾಗಿದ್ದವು.

ಗುರುಮಲ್ಲ ಹೊಸ್ತಿಲಲ್ಲಿ ಸೈಕಲ್ಲು ಹಿಡಿದು ನಿಂತಿದ್ದರು. ಸೈಕಲ್ಲನ್ನು ಗೋಡೆಗೆ ಒರಗಿಸಿದರು. ನಡೆದು ಹಳ್ಳದ ಕಡೆ ಹೋದರು. ಸ್ವಲ್ಪ ಹೊತ್ತಿನ ಮೇಲೆ, ಸತ್ತ ಮೀನುಗಳನ್ನು ಬಾಳೆಯೆಲೆಯಲ್ಲಿ ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿ ನಿಂತಿದ್ದಾರೆಂದು ಯಾರೋ ಬಂದು ಹೇಳಿದರು. ಅವರು ಯಾರಿಗೂ ಹೇಳದೆ ಜಿಲ್ಲೆಗೆ ಹೋಗಿ, ಆ ಚಿಕ್ಕ ವಯಸ್ಸಿನ ಅಧಿಕಾರಿಯ ಮೇಜಿನ ಮೇಲೆ ಎಲೆ ಬಿಚ್ಚಿಟ್ಟು, ಏಳು ತಿಂಗಳ ಕತೆಯನ್ನು ಒಂದೂ ಬಿಡದೆ ಹೇಳಿದರು. ಬರೆದುಕೊಟ್ಟು ಸಹಿಯನ್ನೂ ಹಾಕಿದರು. ತಂದೆ ಸೇತುವೆಯ ಮೇಲೆ ಹೇಳಿದ ಮಾತು ತನ್ನ ಬಲವಂತದಿಂದ ಎಂದು ಸೇರಿಸಿದ್ದರು.

ಮಾರನೆಯ ದಿನ ನಲ್ಲಿಗಳಿಗೆಲ್ಲ ಬೀಗ ಬಿತ್ತು. ಪೊಲೀಸರು ಬಂದರು. ಕಾರ್ಖಾನೆ ಮುಚ್ಚಿತು. ತಮ್ಮಣ್ಣಪ್ಪನವರು ಊರು ಬಿಟ್ಟರು, ಪೊಲೀಸರೇ ಮತ್ತೆ ಹಿಡಿದು ತಂದರು. ಗುಂಡಿಯಿಂದ ಇಳಿದ ವಿಷದ ಹೆಸರನ್ನು ಯಾರೋ ಹೇಳಿದರು. ನನ್ನ ನಾಲಿಗೆಗೆ ಅದು ಹೊರಳಲಿಲ್ಲ. ಅದು ಒಮ್ಮೆ ಮೈಸೇರಿದರೆ ಯಾವಾಗ, ಎಲ್ಲಿ ತಲೆಯೆತ್ತುತ್ತದೆಂದು ತಮಗೂ ಹೇಳಲು ಬರುವುದಿಲ್ಲ ಎಂದು ವೈದ್ಯರು ಒಪ್ಪಿಕೊಂಡರು. ಆ ಊರಿನವರು ಆಮೇಲೆ ಸಣ್ಣ ಜ್ವರ ಬಂದರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ರತ್ನಿ ಬದುಕಿದಳು, ಆದರೆ ಎಡಗಾಲು ಎಳೆದೇ ನಡೆಯುತ್ತಿದ್ದಳು. ಇನ್ನಿಬ್ಬರು ಮಕ್ಕಳು ಬದುಕಲಿಲ್ಲ. ನನ್ನ ಗಂಡನಿಗೆ ಎರಡು ವರ್ಷ ಶಿಕ್ಷೆಯಾಯಿತು. ಮಾವ ಅಷ್ಟು ದಿನ ಇರಲಿಲ್ಲ. ಕೊನೆಯವರೆಗೂ ಅವರ ಬೆರಳಿಗೆ ಸ್ಪರ್ಶ ಮರಳಲಿಲ್ಲ. ಮೊಮ್ಮಗಳ ಕೆನ್ನೆ ಯಾವುದು, ಕಂಬಳಿ ಯಾವುದು ಎಂದು ಕೇಳಿ ತಿಳಿದುಕೊಳ್ಳುತ್ತಿದ್ದರು.

ಇದೆಲ್ಲ ಆಮೇಲಿನ ಮಾತು. ನನ್ನ ನೆನಪು ಹೋಗಿ ನಿಲ್ಲುವುದು ಗುರುಮಲ್ಲ ಜಿಲ್ಲೆಯಿಂದ ವಾಪಸಾದ ಸಂಜೆಯಲ್ಲಿ. ಬೀಗ ಬಿದ್ದು ಎರಡು ದಿನವಾಗಿತ್ತು. ವಿಚಾರಣೆಗೆ ಮತ್ತೆ ಬರಬೇಕೆಂದು ಹೇಳಿ ಅವರನ್ನು ಕಳಿಸಿದ್ದರು. ಬಸ್ಸಿಳಿದು ಪೇಟೆಬೀದಿಯ ನಡುವೆಯೇ ನಡೆದು ಬಂದರು. ಅಂಗಡಿಗಳ ಮುಂದೆ ಮಾತು ನಿಂತಿತು. ಯಾರೂ ಬೈಯಲಿಲ್ಲ, ಯಾರೂ ಕಲ್ಲೆತ್ತಲಿಲ್ಲ. ನಮ್ಮ ಬೀದಿಗೆ ತಿರುಗಿದಾಗ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಅವರು ಮನೆಯೊಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ತುಟಿ ಒಣಗಿ ಬಿರಿದಿದ್ದ ಮುಖವನ್ನು ಮೊಣಕಾಲಿನ ಮೇಲಿಟ್ಟುಕೊಂಡರು. ನಮ್ಮ ಕ್ಯಾನು ಆಗ ನಿಜವಾಗಿಯೂ ಖಾಲಿಯಾಗಿತ್ತು.

ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಕೆಂಪಾಜಮ್ಮ ಹೊರಗೆ ಬಂದಳು. ಮಗಳು ಆಸ್ಪತ್ರೆಯಲ್ಲಿ ಉಳಿಯುತ್ತಾಳೋ ಇಲ್ಲವೋ ಅವಳಿಗೆ ಅಂದು ಗೊತ್ತಿರಲಿಲ್ಲ. ಕೈಯಲ್ಲಿ ಅಂಚಿನವರೆಗೆ ತುಂಬಿದ ಒಂದು ತಂಬಿಗೆ. ತುಳುಕದಂತೆ ನಡೆದು ಬಂದು, ಅವರ ಪಕ್ಕದ ಮೆಟ್ಟಿಲ ಮೇಲೆ ಇಟ್ಟಳು. ಹಿಂದಿರುಗಿ ಹೋಗಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ, ಕೈಗಳನ್ನು ಸೆರಗಿನೊಳಗೆ ಸೇರಿಸಿ ನಿಂತಳು.

ಅದು ದೂರದ ಊಟೆಯಿಂದ ಹೊತ್ತು ತಂದದ್ದೋ, ಬೀಗ ಬೀಳುವ ಮುಂಚೆ ನಲ್ಲಿಯಿಂದ ಹಿಡಿದಿಟ್ಟದ್ದೋ, ನನಗೆ ತಿಳಿಯಲಿಲ್ಲ. ಗುರುಮಲ್ಲ ತಂಬಿಗೆಯನ್ನು ನೋಡಿದರು. ತಲೆಯೆತ್ತಿ ಅವಳನ್ನು ನೋಡಿದರು. ಯಾವ ನೀರೆಂದು ಕೇಳಲಿಲ್ಲ. ಎರಡೂ ಕೈಯಿಂದ ಎತ್ತಿ, ನಡುವೆ ಉಸಿರು ತೆಗೆದುಕೊಳ್ಳದೆ ಕುಡಿದರು. ಕುಡಿದು ಮುಗಿಯುವವರೆಗೂ ಅವಳು ಅಲ್ಲೇ ನಿಂತು ನೋಡಿದಳು. ಆಮೇಲೆ ಬಗ್ಗಿ ಖಾಲಿ ತಂಬಿಗೆಯನ್ನು ತೆಗೆದುಕೊಂಡು, ಅದನ್ನು ಬೋರಲು ಹಿಡಿದು, ಕೊನೆಯ ಹನಿ ಮಣ್ಣಿಗೆ ಬಿದ್ದದ್ದನ್ನು ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.